ಡೈಪರ್, ಸೋಪು, ಕ್ರೀಮು, ಮುಟ್ಟಿನ ಕಪ್: ಒಂದೇ ಮನೆಯ ಮೂರು ಚರ್ಮದ ಮೇಲೆ ಬಳಸಿ ನೋಡಿದ್ದು

ಡೈಪರ್‌ನಿಂದಾನೇ ಶುರು ಮಾಡ್ತೀನಿ, ಹೊಸ ಅಮ್ಮಂದಿರು ಜಾಸ್ತಿ ಕೇಳೋದು ಅದನ್ನೇ. ನನಗೆ ಇಬ್ಬರು ಮಕ್ಕಳು. ದೊಡ್ಡವಳದ್ದು ಒಣ ಚರ್ಮ, ಏನು ತಾಗಿದ್ರೂ ಕೆಂಪಗಾಗಿ ತುರಿಕೆ ಶುರು, ಚಿಕ್ಕವನು ಉಲ್ಟಾ, ಏನು ಹಚ್ಚಿದ್ರೂ ತಡ್ಕೋತಾನೆ. ಹಾಗಾಗಿ ಮನೆಗೆ ಒಂದು ಕ್ರೀಮ್ ಬಂತು ಅಂದ್ರೆ ಮೂರು ತರದ ಚರ್ಮದ ಮೇಲೆ ಅದರ ಪರೀಕ್ಷೆ ಆಗತ್ತೆ, ನನ್ನದೂ ಸೇರಿ. ಡಬ್ಬಿ ಮುಂದೆ ಏನು ಬರೆದಿದಾರೆ ಅನ್ನೋದಕ್ಕಿಂತ ಒಳಗೆ ಏನಿದೆ, ಅದು ಹೇಗೆ ಕೆಲಸ ಮಾಡತ್ತೆ ಅಂತ ತಿಳ್ಕೊಂಡ್ರೆ ಅರ್ಧ ಗೊಂದಲ ಅಲ್ಲೇ ಹೋಗತ್ತೆ, ಅದಕ್ಕೇ ಇಲ್ಲಿ ಬ್ರ್ಯಾಂಡ್ ಹೆಸರು ಹೇಳದೆ ಬಗೆ ಬಗೆಯಾಗಿ ಹೋಲಿಸ್ತಾ ಹೋಗ್ತೀನಿ.

ಬಿಸಾಡೋ ಡೈಪರ್ ಒಳಗೆ ಮರದ ತಿರುಳಿಂದ ಮಾಡಿದ ಹತ್ತಿ ತರದ ನಾರು ಇರತ್ತೆ, ಅದರ ಮಧ್ಯೆ ಸೋಡಿಯಂ ಪಾಲಿಅಕ್ರಿಲೇಟ್ ಅನ್ನೋ ಪುಡಿ. ಉಚ್ಚೆ ತಾಗಿದ ತಕ್ಷಣ ಈ ಪುಡಿ ಉಬ್ಬಿ ಜೆಲ್ ಆಗತ್ತೆ, ಮಗು ಅದರ ಮೇಲೇ ಕೂತ್ರೂ ಹಿಡ್ಕೊಂಡಿದ್ದನ್ನ ಸುಲಭಕ್ಕೆ ಬಿಡಲ್ಲ. ಬಟ್ಟೆ ಡೈಪರ್‌ನಲ್ಲಿ ಎಳೆಗಳ ಮಧ್ಯೆ ನೀರು ನಿಂತಿರತ್ತೆ ಅಷ್ಟೇ, ಒತ್ತಡ ಬಿದ್ರೆ ಆಚೆ ಬರತ್ತೆ. ಮನೇಲಿ ಆಡ್ಕೊಂಡಿರುವಾಗ ಸೋರದೇ ಇರೋ ಬಟ್ಟೆ ಡೈಪರ್ ಕಾರ್ ಸೀಟಲ್ಲಿ ಬೆಲ್ಟ್ ಹಾಕಿ ಕೂರಿಸಿದ ತಕ್ಷಣ ಯಾಕೆ ಸೋರತ್ತೆ ಅಂತ ತುಂಬಾ ಜನ ತಲೆ ಕೆಡಿಸ್ಕೋತಾರೆ, ಕಾರಣ ಇದೇ. ಇನ್ಸರ್ಟ್ ಅಂದ್ರೆ ಬಟ್ಟೆ ಡೈಪರ್ ಒಳಗೆ ಇಡೋ, ಒದ್ದೆ ಹೀರೋ ಪಟ್ಟಿ. ಮೈಕ್ರೋಫೈಬರ್ ಇನ್ಸರ್ಟ್‌ನಲ್ಲಿ ಇದು ಇನ್ನೂ ಜಾಸ್ತಿ. ಅದು ಬೇಗ ಹೀರತ್ತೆ, ಒತ್ತಿದ್ರೆ ಬೇಗ ಬಿಡತ್ತೆ, ಮತ್ತೆ ಅದನ್ನ ನೇರವಾಗಿ ಚರ್ಮಕ್ಕೆ ತಾಗೋ ಹಾಗೆ ಇಡಲೇಬಾರದು, ಚರ್ಮದ ತೇವಾನೂ ಎಳ್ಕೊಂಡು ಒರಟು ಮಾಡತ್ತೆ. ಹೆಂಪ್ ಅನ್ನೋ ಗಿಡದ ನಾರಿಂದು ನಿಧಾನಕ್ಕೆ ಹೀರತ್ತೆ, ಆದ್ರೆ ಜಾಸ್ತಿ ಹಿಡಿಯತ್ತೆ. ಬಳಸ್ತಾ ಬಳಸ್ತಾ ನಮಗೆ ಸರಿಹೋಗಿದ್ದು ಮೇಲೆ ಹತ್ತಿ, ಕೆಳಗೆ ಹೆಂಪ್. ಮಗನಿಗೆ ಮುಂದಿನ ಭಾಗದಲ್ಲಿ ಇನ್ಸರ್ಟ್ ಮಡಚಿ ಎರಡು ಪದರ ಮಾಡ್ತಿದ್ದೆ, ಗಂಡುಮಕ್ಕಳಿಗೆ ಒದ್ದೆ ಎಲ್ಲಾ ಮುಂದೇನೇ ಆಗೋದು.

ಹೊಸ ಹತ್ತಿ, ಹೆಂಪ್ ಇನ್ಸರ್ಟ್‌ಗಳನ್ನ ಸುಮಾರು ಸಲ ಒಗೆದ ಮೇಲೇನೇ ಅವುಗಳ ಪೂರ್ತಿ ಹೀರೋ ಶಕ್ತಿ ಬರೋದು, ನಾರಿನ ಮೇಲೆ ಇರೋ ಸಹಜ ಜಿಡ್ಡು ಹೋಗಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಮೊದಲ ವಾರದಲ್ಲೇ ಬಟ್ಟೆ ಡೈಪರ್ ಬೇಡಪ್ಪಾ ಅಂತ ಬಿಟ್ಟುಬಿಡ್ತಾರೆ, ನನಗೆ ನಿಜವಾಗ್ಲೂ ಬೇಜಾರಾಗತ್ತೆ. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ಅದು ಎಳೆಗಳ ಮೇಲೆ ಲೇಪ ಆಗಿ ನೀರು ಒಳಗೆ ಹೋಗಕ್ಕೇ ಬಿಡಲ್ಲ. ಬೆಳಿಗ್ಗೆ ಡೈಪರ್ ಬಿಚ್ಚಿದಾಗ ಕಣ್ಣು ಉರಿಯೋ ಅಷ್ಟು ಅಮೋನಿಯಾ ವಾಸನೆ ಬಂದ್ರೆ ಒಳಪದರದ ತನಕ ಸ್ವಚ್ಛ ಆಗ್ತಿಲ್ಲ ಅಂತ ತಿಳ್ಕೋಬೇಕು. ಡಿಟರ್ಜೆಂಟ್ ತೀರಾ ಕಮ್ಮಿ ಹಾಕ್ತಿದೀವಾ ಅಂತ ಮೊದಲು ನೋಡಿ.

ಬಿಸಾಡೋದ್ರಲ್ಲಿ ಸೋರಿಕೆ ಆದ್ರೆ ಮುಕ್ಕಾಲು ಪಾಲು ಕಾರಣ ಸೈಜ್ ಇಲ್ಲಾ ತೊಡೆ ಹತ್ತಿರದ ಫ್ರಿಲ್. ಆ ಫ್ರಿಲ್ ಒಳಗೆ ಮಡಚ್ಕೊಂಡಿರತ್ತೆ, ಹಾಕಿದ ಮೇಲೆ ಸುತ್ತ ಬೆರಳು ಆಡಿಸಿ ಆಚೆ ಎಳೀಬೇಕು. ಒದ್ದೆ ಆದ್ರೆ ಹಳದಿಯಿಂದ ನೀಲಿಗೆ ತಿರುಗೋ ಗೆರೆ ಇರತ್ತಲ್ಲ, ರಾತ್ರಿ ಮಗು ಎಬ್ಬಿಸದೆ ನೋಡಕ್ಕೆ ಅದು ತುಂಬಾ ಒಳ್ಳೇದು. ಆದ್ರೆ ಸ್ವಲ್ಪ ತೇವಕ್ಕೂ ಅದು ಬಣ್ಣ ಬದಲಾಯಿಸತ್ತೆ, ಹಾಗಂತ ಪ್ರತಿ ಸಲ ತಕ್ಷಣ ಬಿಚ್ಚಲೇಬೇಕು ಅಂತಿಲ್ಲ. ಮಲ ಆಗಿದ್ರೆ ಮಾತ್ರ ಒಂದು ನಿಮಿಷಾನೂ ಕಾಯಬಾರದು, ಯಾವ ಡೈಪರ್ ಆದ್ರೂ.

ಪರಿಸರದ ವಿಷಯಕ್ಕೆ ಬಂದ್ರೆ ಬಟ್ಟೆದೇ ಒಳ್ಳೇದು ಅಂತ ಕಣ್ಣುಮುಚ್ಚಿ ಹೇಳಕ್ಕಾಗಲ್ಲ. 2008ರಲ್ಲಿ ಬ್ರಿಟನ್ನಿನ ಎನ್ವಿರಾನ್‌ಮೆಂಟ್ ಏಜೆನ್ಸಿ ಎರಡನ್ನೂ ಲೆಕ್ಕ ಹಾಕಿತ್ತು, ಎರಡೂವರೆ ವರ್ಷಕ್ಕೆ ಬಿಸಾಡೋದು ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ, ಬಟ್ಟೆದು ಸುಮಾರು 570. ಅಂದ್ರೆ ಹೆಚ್ಚುಕಮ್ಮಿ ಒಂದೇ. ಆದ್ರೆ ಮಷಿನ್ ತುಂಬಾ ಹಾಕಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಅದನ್ನೇ ಎರಡನೇ ಮಗುಗೂ ಬಳಸಿದ್ರೆ ಬಟ್ಟೆದು ಶೇಕಡಾ 40ರಷ್ಟು ಇಳಿಯತ್ತೆ ಅಂತಲೂ ಅದರಲ್ಲೇ ಇತ್ತು. ದೊಡ್ಡವಳ ಡೈಪರ್‌ಗಳೆಲ್ಲಾ ಚಿಕ್ಕವನಿಗೆ ಬಂದಿರೋದ್ರಿಂದ ನಮ್ಮನೇಲಿ ಬಟ್ಟೆದೇ ಗೆದ್ದಿದೆ, ಹಗಲು ಬಟ್ಟೆದು, ರಾತ್ರಿ ಮತ್ತೆ ಪ್ರಯಾಣಕ್ಕೆ ಬಿಸಾಡೋದು. ಪೂರ್ತಿ ಒಂದೇ ಕಡೆ ಇರಬೇಕು ಅಂತ ಯಾರೂ ಅಮ್ಮಂದಿರ ಮೇಲೆ ಒತ್ತಡ ಹಾಕಬಾರದು, ರಾತ್ರಿ ನಿದ್ದೆ ಅಮ್ಮನಿಗೂ ಬೇಕು. ಬಟ್ಟೆ ಹಾಕಿದ್ರೆ ಪಾಟಿ ಟ್ರೈನಿಂಗ್ ಬೇಗ ಆಗತ್ತೆ ಅಂತಾರೆ, ನನ್ನ ಮಗಳಿಗೆ ಬೇಗ ಆಯ್ತು, ಮಗನಿಗೆ ಆಗಿಲ್ಲ, ಇಬ್ಬರೂ ಹಾಕಿದ್ದು ಅವೇ ಡೈಪರ್‌ಗಳು.

ಕೆಂಪಗಾದ್ರೆ ಏನು ಹಚ್ಚೋದು ಅನ್ನೋದಕ್ಕೆ ಎರಡು ಆಯ್ಕೆ, ಪೆಟ್ರೋಲಿಯಂ ಜೆಲ್ಲಿ ಇಲ್ಲಾ ಜಿಂಕ್ ಆಕ್ಸೈಡ್ ಇರೋ ಬಿಳೀ ಪೇಸ್ಟ್. ಜೆಲ್ಲಿ ಚೆನ್ನಾಗಿರೋ ಚರ್ಮನ ಕಾಪಾಡಕ್ಕೆ, ತೆಳ್ಳಗೆ ಹಚ್ಚಿದ್ರೆ ಸಾಕು. ಆಗ್ಲೇ ಕೆಂಪಗಾಗಿದ್ರೆ ಜಿಂಕ್ ಪೇಸ್ಟ್ ದಪ್ಪಗೆ ಹಚ್ಚಬೇಕು, ಪ್ರತಿ ಸಲ ಅದನ್ನ ಉಜ್ಜಿ ಉಜ್ಜಿ ತೆಗೀಬಾರದು, ಕೊಳೆ ಆಗಿರೋ ಮೇಲಿನ ಪದರ ಮಾತ್ರ ಒರೆಸಿ ಅದರ ಮೇಲೇನೇ ಮತ್ತೆ ಹಚ್ಚಿ. ಮಗಳಿಗೆ ಜೆಲ್ಲಿ ಒಂದರಿಂದ ಏನೂ ಆಗ್ತಿರಲಿಲ್ಲ, ಜಿಂಕ್ ಹಚ್ಚಿದ ಮಾರನೇ ದಿನಕ್ಕೇ ತಿಳಿಯಾಗ್ತಿತ್ತು. ಬಟ್ಟೆ ಡೈಪರ್‌ಗೆ ಎರಡೂ ಶತ್ರು, ಅಂಟ್ಕೊಂಡ್ರೆ ಹೀರೋದೇ ನಿಲ್ಲತ್ತೆ, ಮಧ್ಯೆ ಒಂದು ಲೈನರ್, ಅಂದ್ರೆ ತೆಳ್ಳನೆ ಪದರ, ಹಾಕಲೇಬೇಕು. ತೊಡೆ ಸಂದಿಯಲ್ಲಿ ಗಾಢ ಕೆಂಪು, ಸುತ್ತ ಚಿಕ್ಕ ಚಿಕ್ಕ ಚುಕ್ಕೆ ಚುಕ್ಕೆ ಇದ್ರೆ ಅದು ಕ್ಯಾಂಡಿಡಾ ಅನ್ನೋ ಫಂಗಸ್ ಇರಬಹುದು, ಆಗ ಈ ಎರಡರಿಂದಲೂ ವಾಸಿ ಆಗಲ್ಲ, ಡಾಕ್ಟರ್ ಹತ್ರ ಹೋಗಿ. ಪೌಡರ್ ಮಾತ್ರ ನನ್ನ ಕಡೆಯಿಂದ ಖಂಡಿತ ಬೇಡ, ಆ ಸಣ್ಣ ಧೂಳು ಮಗುವಿನ ಉಸಿರಲ್ಲಿ ಶ್ವಾಸಕೋಶಕ್ಕೆ ಹೋಗತ್ತೆ.

ವೈಪ್ಸ್ ವಿಷಯದಲ್ಲಿ ತೊಂದರೆ ಆಗಿದ್ದು ಮಗುಗಲ್ಲ, ನನಗೆ. ಒಂದು ಬಗೆ ವೈಪ್ಸ್ ಬಳಸ್ತಿದ್ದಾಗ ನನ್ನ ಬಲಗೈ ಬೆರಳ ತುದಿಗಳು ಒಡೆದು ಸಿಪ್ಪೆ ಏಳ್ತಿತ್ತು, ಪ್ಯಾಕೆಟ್ ಹಿಂದೆ ನೋಡಿದ್ರೆ ಮೀಥೈಲ್‌ಐಸೋಥಯಾಝೋಲಿನೋನ್ ಅಂತಿತ್ತು. ಅದು ಕೆಡದೇ ಇರಕ್ಕೆ ಹಾಕೋ ಪ್ರಿಸರ್ವೇಟಿವ್, ಅಲರ್ಜಿ ಮಾಡೋದ್ರಲ್ಲಿ ಎಷ್ಟು ಹೆಸರುವಾಸಿ ಅಂದ್ರೆ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2013ರಲ್ಲಿ ಇದನ್ನೇ ವರ್ಷದ ಅಲರ್ಜನ್ ಅಂತ ಹೆಸರಿಸಿತ್ತು, ಯುರೋಪಲ್ಲಿ 2017ರಿಂದ ತೊಳೆಯದೆ ಬಿಡೋ ಕಾಸ್ಮೆಟಿಕ್‌ಗಳಲ್ಲಿ ಇದನ್ನ ನಿಷೇಧಿಸಿದಾರೆ. ಚರ್ಮಕ್ಕೆ ಅಂಟಿಸಿ ಅಲರ್ಜಿ ನೋಡೋ ಪ್ಯಾಚ್ ಟೆಸ್ಟ್ ನಾನು ಮಾಡಿಸಿಲ್ಲ, ಆದ್ರೆ ಅದಿಲ್ಲದ ವೈಪ್ಸ್‌ಗೆ ಬಂದ ಮೇಲೆ ಕೈ ಸರಿಹೋಯ್ತು. ಮನೇಲಿದ್ದಾಗ ಹತ್ತಿ ಬಟ್ಟೆ, ಉಗುರುಬೆಚ್ಚಗಿನ ನೀರು, ಇದನ್ನ ಮೀರಿಸೋ ವೈಪ್ಸ್ ನನಗೆ ಸಿಕ್ಕಿಲ್ಲ. ಮೆತ್ತಗೆ ಅಂಟ್ಕೊಂಡಿರೋ ಮಲ ತೆಗೆಯಕ್ಕಂತೂ ಒದ್ದೆ ಬಟ್ಟೇನೇ ವಾಸಿ, ಒಂದೇ ಸಲಕ್ಕೆ ಬರತ್ತೆ.

ಇನ್ನು ಸೋಪಾ ಸಿಂಡೆಟ್ಟಾ. ಸಿಂಡೆಟ್ ಅಂದ್ರೆ ನೋಡಕ್ಕೆ ಸೋಪೇ, ಆದ್ರೆ ಎಣ್ಣೆ ಕ್ಷಾರ ಸೇರಿಸಿ ಮಾಡಿದ್ದಲ್ಲ, ಸೋಡಿಯಂ ಕೊಕೊಯಿಲ್ ಐಸೆಥಿಯೋನೇಟ್ ತರದ ಸೌಮ್ಯ ಕ್ಲೀನರ್‌ಗಳಿಂದ ಮಾಡಿದ್ದು. ನಮ್ಮ ಚರ್ಮದ ಪಿಎಚ್, ಅಂದ್ರೆ ಹುಳಿ-ಕ್ಷಾರದ ಅಳತೆ, ಐದರ ಆಸುಪಾಸು, ಮಾಮೂಲಿ ಸೋಪಿಂದು 9ರಿಂದ 10, ಸಿಂಡೆಟ್‌ದು 5.5ರಿಂದ 7ರೊಳಗೆ. ಗಡಸು ನೀರಲ್ಲಿ ಈ ವ್ಯತ್ಯಾಸ ಕೈಗೇ ಗೊತ್ತಾಗತ್ತೆ, ಸೋಪು ನೀರಲ್ಲಿರೋ ಕ್ಯಾಲ್ಸಿಯಂ ಜೊತೆ ಸೇರಿ ಬಿಳೀ ಗಸಿ ಆಗತ್ತೆ, ಬಕೆಟ್ ಅಂಚಲ್ಲಿ ಕಾಣೋ ಆ ಗಸೀನೇ ಚರ್ಮದ ಮೇಲೂ ಕೂತ್ಕೊಳ್ಳತ್ತೆ. ಮಗಳಿಗೆ ಸೋಪ್ ನಿಲ್ಲಿಸಿ ಸಿಂಡೆಟ್ ಹಾಕಿದ ಮೇಲೆ ಮೊಣಕೈ ಮಡಿಕೆಯಲ್ಲಿ ತುರಿಸ್ಕೊಳ್ಳೋದು ತುಂಬಾ ಕಮ್ಮಿ ಆಯ್ತು. ಮಗನಿಗೆ ಎರಡರಲ್ಲೂ ಒಂದು ಚೂರೂ ವ್ಯತ್ಯಾಸ ಕಾಣಲಿಲ್ಲ. ನನಗೆ ಮುಖಕ್ಕೆ ಸಿಂಡೆಟ್ ಇಷ್ಟ, ಬೆವರಿ ಬಂದ ದಿನ ಮೈಗೆ ಸೋಪೇ ಬೇಕು ಅನ್ಸತ್ತೆ, ತೊಳೆದ ಮೇಲೆ ಸಿಂಡೆಟ್ ಸ್ವಲ್ಪ ಜಾರು ಜಾರು ಉಳಿಯತ್ತೆ. ಕಣ್ಣು ಉರಿಯದ ಮಕ್ಕಳ ಶಾಂಪೂ ನನ್ನ ತಲೆಗೂ ಹಾಕಿ ನೋಡಿದೀನಿ, ಮಕ್ಕಳಿಗೆ ಚೆನ್ನಾಗಿದೆ, ದೊಡ್ಡವರ ತಲೆ ಜಿಡ್ಡಿಗೆ ಸಾಕಾಗಲ್ಲ.

ಮಾಯಿಶ್ಚರೈಸರ್‌ನಲ್ಲಿ ಲೋಷನ್, ಕ್ರೀಮ್, ಆಯಿಂಟ್‌ಮೆಂಟ್ ಮೂರನ್ನೂ ಎರಡೆರಡಾಗಿ ಮಗಳ ಎರಡು ಕಾಲಿಗೆ ಬೇರೆ ಬೇರೆ ಹಚ್ಚಿ ನೋಡಿದೆ, ಒಂದೇ ಮಗು ಒಂದೇ ಹವೆ, ಹೀಗೆ ನೋಡಿದ್ರೆ ಅನುಮಾನಕ್ಕೆ ಜಾಗ ಕಮ್ಮಿ, ಯಾರಾದ್ರೂ ಮಾಡಬಹುದು. ಲೋಷನ್‌ನಲ್ಲಿ ನೀರೇ ಜಾಸ್ತಿ, ಹಚ್ಚಕ್ಕೆ ಸುಲಭ, ಆದ್ರೆ ಮಧ್ಯಾಹ್ನದೊಳಗೆ ಆ ಕಾಲು ಮತ್ತೆ ಬಿಳಿಚ್ಕೊಂಡಿತ್ತು, ಒಡೆದಿರೋ ಜಾಗಕ್ಕೆ ತಾಗಿದ್ರೆ ಉರಿ ಅಂತ ಅಳ್ತಿದ್ಲು. ಪೆಟ್ರೋಲಿಯಂ ಆಯಿಂಟ್‌ಮೆಂಟ್ ಹಚ್ಚಿದ ಕಾಲು ಸಂಜೆ ತನಕ ಮೆತ್ತಗೆ. ಅದು ಚರ್ಮದಿಂದ ನೀರು ಆವಿ ಆಗದ ಹಾಗೆ ಮುಚ್ಚಿಬಿಡತ್ತೆ. ಜಿಡ್ಡು ಬಟ್ಟೆಗೆ ಹತ್ತೋದು ನಿಜ, ಅದಕ್ಕೆ ರಾತ್ರಿ ಆಯಿಂಟ್‌ಮೆಂಟ್, ಬೆಳಿಗ್ಗೆ ಕ್ರೀಮ್ ಅಂತ ಮಾಡ್ಕೊಂಡಿದೀವಿ. ಸ್ನಾನ ಆದ ಎರಡು ಮೂರು ನಿಮಿಷದಲ್ಲಿ, ಮೈ ಇನ್ನೂ ಸ್ವಲ್ಪ ತೇವ ಇರುವಾಗ್ಲೇ ಹಚ್ಚಬೇಕು, ಇದು ಯಾವ ಡಬ್ಬಿ ಅನ್ನೋದಕ್ಕಿಂತ ದೊಡ್ಡ ವಿಷಯ. ಇನ್ನೊಂದು, ಅನ್‌ಸೆಂಟೆಡ್ ಮತ್ತೆ ಫ್ರೇಗ್ರೆನ್ಸ್ ಫ್ರೀ ಎರಡೂ ಒಂದೇ ಅಲ್ಲ. ಅನ್‌ಸೆಂಟೆಡ್‌ನಲ್ಲಿ ಬೇರೆ ವಾಸನೆ ಮುಚ್ಚಕ್ಕೆ ಸುಗಂಧ ಹಾಕಿರಬಹುದು, ಅಲರ್ಜಿ ಮಕ್ಕಳಿಗೆ ಫ್ರೇಗ್ರೆನ್ಸ್ ಫ್ರೀನೇ ಹುಡುಕಿ.

ಸನ್‌ಸ್ಕ್ರೀನ್ ಸಂಕ್ಷಿಪ್ತವಾಗಿ. ಜಿಂಕ್, ಟೈಟಾನಿಯಂ ಇರೋ ಮಿನರಲ್ ಬಗೆ ಮಕ್ಕಳಿಗೆ, ಬೆವರಲ್ಲಿ ಕಣ್ಣಿಗೆ ಇಳಿದ್ರೂ ಅಷ್ಟು ಉರಿಯಲ್ಲ. ನಮ್ಮಂಥ ಕಂದು ಬಣ್ಣದ ಮುಖಕ್ಕೆ ಬಿಳೀ ಪದರ ಉಳಿಯತ್ತೆ ಅಂತ ನನಗೆ ಕೆಮಿಕಲ್ ಬಗೇನೇ. ಎಸ್‌ಪಿಎಫ್ 30 ಸುಮಾರು 97 ಶೇಕಡಾ ಯುವಿಬಿ (ಚರ್ಮ ಸುಡೋ ಬಿಸಿಲ ಕಿರಣ) ತಡೆದ್ರೆ 50 ಸುಮಾರು 98, ಆ ಒಂದು ಶೇಕಡಾಕ್ಕಿಂತ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚೋದು ಮುಖ್ಯ. ಓಡಾಡೋ ಮಗು ಮುಖಕ್ಕೆ ಸ್ಟಿಕ್ ಸುಲಭ, ಸ್ಪ್ರೇ ಮುಖಕ್ಕೆ ಹೊಡೀಬೇಡಿ. ಆರು ತಿಂಗಳೊಳಗಿನ ಮಕ್ಕಳಿಗೆ ನೆರಳು, ತುಂಬು ಬಟ್ಟೆ ಸಾಕು.

ಟೂತ್‌ಪೇಸ್ಟ್ ಕೂಡ ಹಾಗೇ, ಕಾರ್ಟೂನ್ ಚಿತ್ರ ನೋಡಬೇಡಿ, ಹಿಂದೆ ಫ್ಲೋರೈಡ್ 1000 ಪಿಪಿಎಂ ಇದೆಯಾ ನೋಡಿ. ಮೂರು ವರ್ಷದೊಳಗೆ ಅಕ್ಕಿ ಕಾಳಿನಷ್ಟು, ಆರರ ತನಕ ಬಟಾಣಿಯಷ್ಟು. ಪುದೀನದ್ದು ಖಾರ ಅಂತ ಇಬ್ಬರೂ ಉಗಿದ್ರು, ಹಣ್ಣಿನ ರುಚಿದು ನಡೀತು.

ಕೊನೇದಾಗಿ ನನ್ನದು, ಪ್ಯಾಡಾ ಕಪ್ಪಾ ಪೀರಿಯಡ್ ಪ್ಯಾಂಟಿನಾ. ಮಕ್ಕಳ ವಸ್ತುಗೆ ಅಷ್ಟು ಹುಡುಕಾಡೋ ನಾವು ನಮ್ಮ ಮೈಗೆ ಬಂದಾಗ ಏನೋ ಒಂದು ಅಂತ ಬಿಟ್ಟುಬಿಡ್ತೀವಿ, ಅದು ನನಗೆ ಸರಿ ಅನ್ಸಲ್ಲ. ಪ್ಯಾಡ್ ಹಾಕ್ಕೊಂಡು ದಿನಪೂರ್ತಿ ಮಗು ಎತ್ತಿ ಇಳಿಸಿ ಓಡಾಡಿದ್ರೆ ತೊಡೆ ಉಜ್ಜಿ ಗಾಯ ಆಗ್ತಿತ್ತು, ನಾಲ್ಕೈದು ಗಂಟೆಗೊಮ್ಮೆ ಬದಲಾಯಿಸಕ್ಕೆ ಟೈಮೂ ಸಿಗ್ತಿರಲಿಲ್ಲ. ಮುಟ್ಟಿನ ರಕ್ತ ಹಿಡಿಯಕ್ಕೆ ಯೋನಿ ಒಳಗೆ ಇಟ್ಕೊಳ್ಳೋ ಕಪ್ ಹೊಸದೇನಲ್ಲ, ಲಿಯೋನಾ ಚಾಲ್ಮರ್ಸ್ ಅನ್ನೋ ಅಮೆರಿಕದ ಮಹಿಳೆ 1937ರಲ್ಲೇ ಪೇಟೆಂಟ್ ತಗೊಂಡಿದ್ರು. ಈಗಿನ ಕಪ್ ಮೆಡಿಕಲ್ ಸಿಲಿಕೋನ್‌ದು, 12 ಗಂಟೆ ತನಕ ಇಟ್ಕೋಬಹುದು. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್‌ನಲ್ಲಿ ಬಂದ ಪರಿಶೀಲನೆ 43 ಅಧ್ಯಯನಗಳನ್ನ ಒಟ್ಟಿಗೆ ನೋಡಿ ಸೋರಿಕೆ ಪ್ಯಾಡ್, ಟ್ಯಾಂಪೂನ್ ಅಷ್ಟೇ ಇಲ್ಲಾ ಅದಕ್ಕಿಂತ ಕಮ್ಮಿ ಅಂತ ಹೇಳಿದೆ. ಆದ್ರೆ ಅಭ್ಯಾಸ ಆಗಕ್ಕೆ ಎರಡು ಮೂರು ತಿಂಗಳು ಬೇಕು, ಮೊದಲ ತಿಂಗಳು ಸರಿಬರಲಿಲ್ಲ ಅಂತ ಬಿಡಬೇಡಿ. ಹೆರಿಗೆ ಆದ ಹೊಸದ್ರಲ್ಲಿ ಬೇಡ, ಡಾಕ್ಟರ್ ನೋಡಿ ಸರಿ ಅಂದ ಮೇಲೇನೇ, ಕಾಪರ್ ಟಿ ಹಾಕಿಸಿದ್ರೂ ಮೊದಲು ಕೇಳಿ. ತೆಗೆಯುವಾಗ ಬರೀ ಬಾಲ ಹಿಡಿದು ಎಳೀಬಾರದು, ಬುಡ ಚಿವುಟಿ ಒಳಗಿನ ಸೆಳೆತ ಬಿಡಿಸಿ ಆಮೇಲೆ. ಪೀರಿಯಡ್ ಪ್ಯಾಂಟಿ ಕೊನೇ ದಿನಗಳಿಗೆ, ರಾತ್ರಿ ಕಪ್ ಜೊತೆ ಧೈರ್ಯಕ್ಕೆ ಚೆನ್ನಾಗಿದೆ, ಒಂದೇ ಹಾಕ್ಕೊಂಡ್ರೆ ಜಾಸ್ತಿ ಹೋಗೋ ದಿನ ನನಗೆ ಸಾಲಲ್ಲ, ಒಣಗಕ್ಕೂ ಹೊತ್ತು ಹಿಡಿಯತ್ತೆ. ಅದನ್ನೂ ಬಟ್ಟೆ ಡೈಪರ್ ತರಾನೇ ಮೊದಲು ತಣ್ಣೀರಲ್ಲಿ ಹಿಂಡಿ, ಸಾಫ್ಟ್‌ನರ್ ಇಲ್ಲದೆ ಒಗೀಬೇಕು. ಕಪ್ ಇದ್ದಕ್ಕಿದ್ದ ಹಾಗೆ ಸೋರಕ್ಕೆ ಶುರು ಆದ್ರೆ ಅಂಚಿನ ಹತ್ತಿರ ಇರೋ ಪುಟಾಣಿ ತೂತುಗಳು ಕಟ್ಕೊಂಡಿದಾವಾ ನೋಡಿ, ಕಪ್ ತುಂಬಾ ನೀರು ತುಂಬಿ ಅಂಗೈ ಮುಚ್ಚಿ ಜೋರಾಗಿ ಅದುಮಿದ್ರೆ ತೂತಿಂದ ನೀರು ಚಿಮ್ಮಿ ಬರತ್ತೆ, ಅಷ್ಟರಲ್ಲೇ ಕ್ಲೀನ್ ಆಗತ್ತೆ.