ರಾಕ್‌ಶಾಕ್ಸ್ 50 ಗಂಟೆಗಳ ಸರ್ವಿಸ್ ಕಿಟ್: ಹಿಂಬದಿ ಶಾಕ್‌ನ ಆರೈಕೆ ಮನೆಯಲ್ಲೇ

ಬೆಂಗಳೂರಿನ ತುರಹಳ್ಳಿಯಂತಹ ಕಲ್ಲು ಮತ್ತು ಕೆಂಪು ಧೂಳಿನ ಹಾದಿಗಳಲ್ಲಿ ಓಡುವ ಮೌಂಟನ್ ಬೈಕಿನಲ್ಲಿ ಹಿಂಬದಿ ಶಾಕ್‌ನ (ಹಿಂಚಕ್ರದ ಕುಲುಕಾಟ ಹೀರುವ ಸಾಧನದ) ರಬ್ಬರ್ ಸೀಲ್‌ಗಳು ಬೇಗ ಸವೆಯುತ್ತವೆ. ನನ್ನ ರಾಕ್‌ಶಾಕ್ಸ್ ಡಿಲಕ್ಸ್ ಮಾದರಿಯ ಶಾಕ್‌ನ ದಂಡದ ಮೇಲೆ ಎಣ್ಣೆ ಬೆರೆತ ಕೊಳೆಯ ಉಂಗುರ ಮೂಡತೊಡಗಿ, ತುಂಬಿದ ಗಾಳಿ ರಾತ್ರಿ ಕಳೆಯುವಷ್ಟರಲ್ಲಿ ಇಳಿಯುತ್ತಿದ್ದುದರಿಂದ ಈ ಕಿಟ್ಟನ್ನು ತರಿಸಿದೆ. ಗಾಳಿ ತುಂಬುವ ಹೊರಕೊಳವೆಯಾದ ಏರ್ ಕ್ಯಾನನ್ನು ಪ್ರತಿ 50 ಗಂಟೆಗಳ ಸವಾರಿಗೊಮ್ಮೆ, ಶಾಕ್‌ನ ಚಲನೆಯನ್ನು ಎಣ್ಣೆಯಿಂದ ನಿಯಂತ್ರಿಸುವ ಒಳಗಿನ ಡ್ಯಾಂಪರನ್ನು 200 ಗಂಟೆಗಳಿಗೊಮ್ಮೆ ಸರ್ವಿಸ್ ಮಾಡಬೇಕೆಂಬುದು ತಯಾರಕರ ಸೂಚನೆ. ಈ ಕಿಟ್ ಮೊದಲನೆಯ ಕೆಲಸಕ್ಕೆ ಮಾತ್ರ.

ಕಿಟ್‌ನಲ್ಲಿರುವುದು ಸೀಲ್‌ಗಳು ಮತ್ತು ಓ-ರಿಂಗ್‌ಗಳು. ಗ್ರೀಸ್, ಎಣ್ಣೆ, ಶಾಕ್ ಪಂಪ್, ಸ್ಟ್ರ್ಯಾಪ್ ರೆಂಚ್, ಐಸೊಪ್ರೊಪೈಲ್ ಆಲ್ಕೋಹಾಲ್ ಇವುಗಳನ್ನು ಬೇರೆಯಾಗಿ ಕೊಳ್ಳಬೇಕಾಗುವುದರಿಂದ ಮೊದಲ ಸಲದ ಖರ್ಚು ಹೆಚ್ಚೆನಿಸುತ್ತದೆ, ಆದರೆ ಮುಂದಿನ ಸರ್ವಿಸ್‌ಗಳಿಗೆ ಸೀಲ್‌ಗಳ ಬೆಲೆಯಷ್ಟೇ ಖರ್ಚಾಗುತ್ತದೆ. ಕೆಲಸದ ಪ್ರತಿ ಹಂತವನ್ನೂ ಚಿತ್ರಸಹಿತ ವಿವರಿಸುವ ಸರ್ವಿಸ್ ಕೈಪಿಡಿ ರಾಕ್‌ಶಾಕ್ಸ್‌ನ ಒಡೆತನ ಹೊಂದಿರುವ ಸ್ರ್ಯಾಮ್ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿಯನ್ನು ಹೊರಬಿಡುವ ಹಂತ. ಏರ್ ಕ್ಯಾನ್‌ನೊಳಗೆ ಪಿಸ್ಟನ್‌ನ ಒಂದು ಬದಿಗೆ ಮುಖ್ಯ ಕೋಣೆಯೂ ಇನ್ನೊಂದು ಬದಿಗೆ ನೆಗೆಟಿವ್ ಕೋಣೆಯೂ ಇರುತ್ತವೆ. ಪಿಸ್ಟನ್ ಸೀಲ್ ಸವೆದಾಗ ಮುಖ್ಯ ಕೋಣೆಯ ಗಾಳಿ ನೆಗೆಟಿವ್ ಕೋಣೆಗೆ ನುಸುಳಿ ಅಲ್ಲಿಯೇ ಸಿಕ್ಕಿಕೊಳ್ಳಬಹುದು. ಆಗ ವಾಲ್ವ್ ಒತ್ತಿ ಗಾಳಿಯೆಲ್ಲ ಖಾಲಿಯಾಯಿತೆಂದು ತೋರಿದರೂ ಶಾಕ್ ಕುಗ್ಗಿದ ಸ್ಥಿತಿಯಲ್ಲೇ ಉಳಿಯುತ್ತದೆ. ಅಂತಹ ಶಾಕ್‌ನ ಕ್ಯಾನನ್ನು ತಿರುಗಿಸಿ ಬಿಚ್ಚಿದರೆ ಅದು ಗುಂಡಿನಂತೆ ಸಿಡಿದು ಕೈಗೋ ಮುಖಕ್ಕೋ ತೀವ್ರ ಗಾಯ ಮಾಡಬಲ್ಲದು. ಆದ್ದರಿಂದ ಗಾಳಿ ಬಿಟ್ಟ ಮೇಲೆ ಶಾಕ್ ಪೂರ್ಣ ಉದ್ದಕ್ಕೆ ಮರಳದಿದ್ದರೆ ಅದನ್ನು ಮನೆಯಲ್ಲಿ ತೆರೆಯದೆ ಅನುಭವಿ ಮೆಕ್ಯಾನಿಕ್‌ಗೆ ಒಪ್ಪಿಸಬೇಕೆಂದು ಒತ್ತಿ ಹೇಳುತ್ತೇನೆ.

ಉಳಿದ ಕೆಲಸಕ್ಕೆ ಬೇಕಿರುವುದು ತಾಳ್ಮೆ. ಹಳೆಯ ಸೀಲ್‌ಗಳನ್ನು ಕೀಳಲು ಲೋಹದ ಮೊನೆಯನ್ನು ಬಳಸಿದರೆ ಅವು ಕೂರುವ ತೋಡಿನಲ್ಲಿ ಗೀರು ಬಿದ್ದು ಹೊಸ ಸೀಲ್ ಕೂಡ ಸೋರಬಹುದು. ಪ್ಲಾಸ್ಟಿಕ್ ಕಡ್ಡಿ ಸಾಕು. ಕಿಟ್‌ನ ಸೀಲ್‌ಗಳು ತೋಡಿನಲ್ಲಿ ಬಿಗಿಯಾಗಿ, ತಿರುಚಿಕೊಳ್ಳದೆ ಕುಳಿತವು. ಮರುಜೋಡಣೆಯ ನಂತರ ಗಾಳಿಯನ್ನು ಒಮ್ಮೆಗೇ ತುಂಬದೆ, ಸ್ವಲ್ಪ ಸ್ವಲ್ಪವೇ ತುಂಬುತ್ತ ನಡುನಡುವೆ ಶಾಕನ್ನು ನಿಧಾನವಾಗಿ ಒತ್ತಿದರೆ ಎರಡೂ ಕೋಣೆಗಳ ಒತ್ತಡ ಸಮವಾಗುತ್ತದೆ. ಹೊಸ ಸೀಲ್‌ಗಳ ಬಳಿಕ ಸಣ್ಣ ಕಲ್ಲುಗಳ ಮೇಲೆ ಶಾಕ್ ಮತ್ತೆ ಮೃದುವಾಗಿ ಆಡತೊಡಗಿದ್ದು ನನಗೆ ನಿಜವಾದ ಸಂತೋಷ ಕೊಟ್ಟಿತು, ತುಂಬಿದ ಗಾಳಿಯೂ ಈಗ ಇಳಿಯುತ್ತಿಲ್ಲ.

ಶಾಕ್ ಒತ್ತಿದಾಗ ಪಚಪಚ ಸದ್ದು ಬರುವುದು, ರೀಬೌಂಡ್ ಗುಂಡಿಯನ್ನು ತಿರುಗಿಸಿದರೂ ಕುಗ್ಗಿದ ಶಾಕ್ ಮರಳುವ ವೇಗ ಬದಲಾಗದಿರುವುದು ಇವು ಡ್ಯಾಂಪರ್‌ನ ದೋಷಗಳು. ಅವುಗಳನ್ನು ಈ ಕಿಟ್ ಸರಿಪಡಿಸದು. ಆ ಕೆಲಸಕ್ಕೆ ಎಣ್ಣೆಯಲ್ಲಿನ ಗಾಳಿಗುಳ್ಳೆ ತೆಗೆಯುವ ಮತ್ತು ಒಳಗಿನ ಪಿಸ್ಟನ್‌ನ ಹಿಂದೆ ಹೆಚ್ಚಿನ ಒತ್ತಡ ತುಂಬುವ ವಿಶೇಷ ಸಲಕರಣೆಗಳು ಬೇಕು. ಕೊಳ್ಳುವ ಮುನ್ನ ಶಾಕ್‌ನ ಮೇಲೆ ಮುದ್ರಿತವಾದ ಮಾದರಿ ಸಂಕೇತವನ್ನು ಬರೆದುಕೊಂಡು ಕಿಟ್‌ನ ವಿವರದೊಂದಿಗೆ ಹೋಲಿಸಿ ನೋಡಿರಿ. ಹೆಸರು ಒಂದೇ ಆಗಿದ್ದರೂ ತಯಾರಾದ ವರ್ಷಕ್ಕೆ ತಕ್ಕಂತೆ ಕಿಟ್ ಬೇರೆಯಾಗಿರುತ್ತದೆ.