ಜೈಲಿನೊಳಗಿನ ಸೋಂಕು ಮತ್ತು ಉಚಿತ ವಕೀಲರ ನೆರವು: ಕಾಸರಗೋಡಿನ ಒಂದು ಕೇಂದ್ರದ ಬಗ್ಗೆ

ವಿಚಾರಣಾಧೀನ ಕೈದಿಯಾಗಿದ್ದ ನನ್ನ ಅಕ್ಕನ ಮಗನ ಸೆಲ್ಲಿನಲ್ಲಿದ್ದ ಇನ್ನೊಬ್ಬರಿಗೆ ಕ್ಷಯರೋಗವಿರುವುದು ಗೊತ್ತಾದ ಮೇಲೂ ಇಬ್ಬರನ್ನೂ ಒಂದೇ ಕಡೆ ಇರಿಸಿದ್ದರಿಂದ, ನಾವು ಕಾಸರಗೋಡು ಜಿಲ್ಲೆಯ ಒಂದು ಉಚಿತ ಕಾನೂನು ನೆರವು ಕೇಂದ್ರದ ಮೊರೆಹೋದೆವು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ ಈ ನೆರವಿಗೆ ಅರ್ಹರು. ನಮ್ಮಿಂದ ಒಂದು ರೂಪಾಯಿಯನ್ನೂ ಕೇಳಲಿಲ್ಲ.

ನಾನು ಬಹಳ ಮೆಚ್ಚಿದ್ದು, ವಕೀಲರು ಪರಿಹಾರದ ಹಣದ ಮಾತನ್ನು ಮೊದಲಿಗೇ ಎತ್ತದಿದ್ದುದನ್ನು. "ಅಮ್ಮಾ, ಮೊದಲು ಹುಡುಗನ ಕಫ ಪರೀಕ್ಷೆ ಆಗಲಿ, ಉಳಿದದ್ದು ಆಮೇಲೆ ನೋಡುವ" ಎಂದು ಅಕ್ಕನಿಗೆ ಹೇಳಿ, ಪರೀಕ್ಷೆಯನ್ನೂ ಪ್ರತ್ಯೇಕ ವಾಸವನ್ನೂ ಕೋರಿ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಕ್ಷಯ ಗಾಳಿಯಲ್ಲಿ ಹರಡುವ ರೋಗವಾದ್ದರಿಂದ, ಗಾಳಿಯಾಡದ ಕೋಣೆಯಲ್ಲಿ ಕಳೆಯುವ ಒಂದೊಂದು ರಾತ್ರಿಯೂ ಅಪಾಯವೇ ಸರಿ.

ಜೈಲಿನಲ್ಲಿ ಸೋಂಕು ತಗುಲಿತೆಂದು ಪರಿಹಾರ ಕೇಳುವ ದಾವೆಯ ನಿಜವಾದ ತೊಡಕು ಸಾಕ್ಷ್ಯದಲ್ಲಿದೆ. ರೋಗಾಣು ವರ್ಷಗಟ್ಟಲೆ ದೇಹದಲ್ಲಿ ಸುಪ್ತವಾಗಿ ಇರಬಲ್ಲದು. ಹಾಗಾಗಿ ಸೋಂಕು ಹೊರಗಿನಿಂದಲೇ ಬಂದದ್ದೆಂದು ಸರ್ಕಾರ ಸುಲಭವಾಗಿ ವಾದಿಸಬಹುದು. ಜೈಲಿಗೆ ಸೇರಿಸಿಕೊಂಡಾಗ ಮಾಡಿದ ವೈದ್ಯಕೀಯ ತಪಾಸಣೆಯ ದಾಖಲೆ, ಯಾರ ಜೊತೆ ಯಾವ ಸೆಲ್ಲಿನಲ್ಲಿ ಎಷ್ಟು ದಿನ ಇರಿಸಿದ್ದರೆಂಬ ವಿವರ, ಕೆಮ್ಮಿನ ಬಗ್ಗೆ ಕೊಟ್ಟ ಲಿಖಿತ ದೂರು, ಇಷ್ಟರ ಪ್ರತಿಗಳನ್ನು ಆರಂಭದಲ್ಲೇ ಕೇಳಿ ಪಡೆಯಬೇಕೆಂದು ವಕೀಲರು ತಾಳ್ಮೆಯಿಂದ ವಿವರಿಸಿದರು. ಈ ಒಂದು ಸಲಹೆಗಾಗಿಯೇ ಕೇಂದ್ರಕ್ಕೆ ಹೋಗಬಹುದು ಎಂದು ನನ್ನ ಅಭಿಪ್ರಾಯ.

ಸುಪ್ರೀಂ ಕೋರ್ಟು 1983ರ ರುದುಲ್ ಸಾಹ್ ಪ್ರಕರಣದಲ್ಲಿ ಅಕ್ರಮ ಬಂಧನಕ್ಕೂ 1993ರ ನೀಲಬತಿ ಬೆಹೆರಾ ಪ್ರಕರಣದಲ್ಲಿ ಕಸ್ಟಡಿಯಲ್ಲಾದ ಸಾವಿಗೂ ಸರ್ಕಾರದಿಂದ ಪರಿಹಾರ ಕೊಡಿಸಿತ್ತು. ಜೀವಿಸುವ ಹಕ್ಕನ್ನು ಕಾಪಾಡುವ ಸಂವಿಧಾನದ 21ನೇ ವಿಧಿಯ ಆಧಾರದ ಮೇಲೆ ಅದೇ ಹಾದಿಯಲ್ಲಿ ಹೈಕೋರ್ಟಿಗೆ ಹೋಗಬಹುದಾದರೂ, ಆ ತೀರ್ಪುಗಳು ಸೋಂಕಿನ ಕುರಿತಾದವಲ್ಲ ಎಂಬುದನ್ನು ವಕೀಲರು ಮುಚ್ಚಿಡಲಿಲ್ಲ. ಸುಪ್ರೀಂ ಕೋರ್ಟಿನ 2020ರ ಮಾರ್ಚ್ 23ರ ಕೋವಿಡ್ ಆದೇಶವೂ ಜೈಲಿನ ದಟ್ಟಣೆ ತಗ್ಗಿಸಲು ಕೈದಿಗಳ ಬಿಡುಗಡೆಯನ್ನು ಪರಿಶೀಲಿಸುವ ಸಮಿತಿಗಳನ್ನು ರಚಿಸಲು ಹೇಳಿತ್ತೇ ಹೊರತು ಪರಿಹಾರದ ಬಗ್ಗೆ ಅಲ್ಲ.

ಕೊರತೆ ಇರುವುದು ಭಾಷೆಯಲ್ಲಿ. ನಮಗೆ ಕೊಟ್ಟ ಅರ್ಜಿ ನಮೂನೆ ಮಲಯಾಳದಲ್ಲಿ ಮಾತ್ರ ಇತ್ತು. ಸ್ವಯಂಸೇವಕಿಯೊಬ್ಬರು ಓದಿ ಕನ್ನಡದಲ್ಲಿ ಹೇಳಿದ ಮೇಲೆಯೇ ಅಕ್ಕ ಸಹಿ ಹಾಕಿದಳು. ಸಂವಿಧಾನದ 350ನೇ ವಿಧಿಯು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಕೊಟ್ಟಿರುವಾಗ, ಮಂಜೇಶ್ವರ, ಕುಂಬಳೆ ಕಡೆಯಿಂದ ಬರುವವರಿಗಾಗಿ ಕನ್ನಡ ನಮೂನೆಯನ್ನೂ ಇಡಲೇಬೇಕು.

ಪರೀಕ್ಷೆಯಲ್ಲಿ ಹುಡುಗನಿಗೆ ರೋಗ ಕಂಡುಬರಲಿಲ್ಲ, ಸೆಲ್ಲೂ ಬದಲಾಯಿತು. ಇಂಥ ಸ್ಥಿತಿಯಲ್ಲಿರುವ ಕುಟುಂಬಗಳು ದೂರ ಬರಲಾಗದಿದ್ದರೆ ಕಾನೂನು ನೆರವಿನ ಸಹಾಯವಾಣಿಯ 15100 ಸಂಖ್ಯೆಗೆ ಕರೆ ಮಾಡಿ ನೆರವು ಕೇಳಬಹುದು.