ಹೀಥ್ರೂನಲ್ಲಿ ಇಳಿದ ಮೇಲೆ ಊರೊಳಗೆ ಹೋಗೋಕೆ ಯಾವುದು ವಾಸಿ? ನನ್ನ ಓಟು ಎಲಿಜಬೆತ್ ಲೈನಿಗೆ

ಮೊದಲೇ ಹೇಳಿಬಿಡ್ತೀನಿ: ಹೀಥ್ರೂ ವಿಮಾನ ನಿಲ್ದಾಣದಿಂದ ಲಂಡನ್ ಒಳಗೆ ಹೋಗೋಕೆ ಎಲಿಜಬೆತ್ ಲೈನ್ ರೈಲನ್ನ ಮೀರಿಸೋದು ನನಗೆ ಸಿಕ್ಕಿಲ್ಲ. ಪಿಕ್ಕಡಿಲಿ ಲೈನ್ ಅನ್ನೋ ಮೆಟ್ರೋ, ಹೀಥ್ರೂ ಎಕ್ಸ್‌ಪ್ರೆಸ್ ರೈಲು, ನ್ಯಾಷನಲ್ ಎಕ್ಸ್‌ಪ್ರೆಸ್ ಬಸ್ಸು, ಊಬರ್, ಕರಿ ಟ್ಯಾಕ್ಸಿ ಎಲ್ಲದರಲ್ಲೂ ಹೋಗಿ ನೋಡಿದ ಮೇಲೆ ಹೇಳ್ತಿರೋ ಮಾತು ಇದು. ತುಮಕೂರು ಕಡೆಯಿಂದ ಅಲ್ಲಿಗೆ ಹೊರಡೋರಲ್ಲಿ ಬಹಳ ಮಂದಿ ಮಗಳ ಬಾಣಂತನಕ್ಕೆ ಹೋಗೋ ಅಪ್ಪ ಅಮ್ಮ, ಇಲ್ಲಾ ಎಂಎಸ್ಸಿ ಓದೋಕೆ ಹೋಗೋ ಹುಡುಗ ಹುಡುಗೀರು. ರಾಗಿಹಿಟ್ಟು, ಕೊಬ್ಬರಿ, ಹುಳಿಪುಡಿ ತುಂಬಿ ಒಂದೊಂದು ಸೂಟ್‌ಕೇಸೂ 23 ಕೆಜಿ ಮುಟ್ಟಿರುತ್ತೆ. ಹಾಗಾಗಿ ನಾನು ಮುಖ್ಯವಾಗಿ ನೋಡೋದು ಎರಡು: ಲಗೇಜ್ ಹೊತ್ತು ಮೆಟ್ಟಿಲು ಹತ್ತಬೇಕಾ, ವಿಮಾನ ತಡವಾದ್ರೆ ಟಿಕೆಟ್ ದುಡ್ಡು ಹಾಳಾಗುತ್ತಾ.

ಎಲಿಜಬೆತ್ ಲೈನ್ ಶುರುವಾಗಿದ್ದು 2022ರ ಮೇ 24ಕ್ಕೆ. ಅದೇ ವರ್ಷ ನವೆಂಬರ್‌ವರೆಗೂ ಹೀಥ್ರೂ ರೈಲು ನಗರಮಧ್ಯದ ಪಶ್ಚಿಮ ಅಂಚಿನ ಪ್ಯಾಡಿಂಗ್ಟನ್ ಸ್ಟೇಷನ್ನಿನಲ್ಲೇ ನಿಂತುಬಿಡ್ತಿತ್ತು. ಈಗ ನೇರವಾಗಿ ಬಾಂಡ್ ಸ್ಟ್ರೀಟ್, ಟಾಟನ್‌ಹ್ಯಾಮ್ ಕೋರ್ಟ್ ರೋಡ್, ಲಿವರ್‌ಪೂಲ್ ಸ್ಟ್ರೀಟ್ ದಾಟಿ ಪೂರ್ವ ಲಂಡನ್‌ವರೆಗೂ ಹೋಗುತ್ತೆ. ಊರಿನ ನಡುಮಧ್ಯಕ್ಕೆ ಅರ್ಧ ಗಂಟೆ ಚಿಲ್ಲರೆ. ಈ ಲೈನಿನ ಪ್ರತಿ ಸ್ಟೇಷನ್ನಿನಲ್ಲೂ ರಸ್ತೆಯಿಂದ ಪ್ಲಾಟ್‌ಫಾರ್ಮ್‌ವರೆಗೆ ಮೆಟ್ಟಿಲಿಲ್ಲದೆ ಹೋಗಬಹುದು. ಮಂಡಿನೋವಿನ ಅಮ್ಮನ ಜೊತೆ ಎರಡು ಸೂಟ್‌ಕೇಸ್ ಎಳೀತಿರೋರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಬೋಗಿ ಅಗಲ, ಏಸಿ ಇದೆ. 2025ರ ದರದಲ್ಲಿ ನಗರಮಧ್ಯಕ್ಕೆ 13.90 ಪೌಂಡ್, ಪೌಂಡಿಗೆ 115 ರೂಪಾಯಿ ಲೆಕ್ಕದಲ್ಲಿ 1,600 ರೂಪಾಯಿ ಹತ್ತಿರ. ಮೊದಲೇ ಬುಕ್ ಮಾಡೋ ಗೋಜಿಲ್ಲ. ಇಮಿಗ್ರೇಷನ್ ಸಾಲು ಎಷ್ಟೇ ಉದ್ದ ಇದ್ರೂ ನಿಮ್ಮ ಟಿಕೆಟ್ಟಿಗೆ ಏನೂ ಆಗಲ್ಲ, ಯಾಕಂದ್ರೆ ಟಿಕೆಟ್ಟೇ ಇಲ್ಲ; ಗೇಟಿಗೆ ಬ್ಯಾಂಕ್ ಕಾರ್ಡ್ ತಾಗಿಸಿ ಒಳಗೆ ಹೋಗೋದು, ಇಳಿದ ಕಡೆ ಅದನ್ನೇ ತಾಗಿಸಿ ಹೊರಗೆ ಬರೋದು.

ನಮ್ಮೂರಿನಿಂದ ಹೋದವರಿಗೆ ಎಡವಟ್ಟಾಗೋದು ಈ ಕಾರ್ಡಿನಲ್ಲೇ. ರೈಲು ಚೆನ್ನಾಗಿದೆ, ಕಾರ್ಡೇ ಕೈ ಕೊಡುತ್ತೆ. ಹಾಗಾಗಿ ಇದನ್ನ ಬಿಡಿಸಿ ಹೇಳ್ತೀನಿ.

ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸ ಕಾರ್ಡ್ ಬಂದಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಮಷೀನಿಗೆ ಮಾತ್ರ ಚಾಲೂ ಇರುತ್ತೆ. ವಿದೇಶಿ ಬಳಕೆ, ಆನ್‌ಲೈನ್, ತಾಗಿಸಿ ಕೊಡೋ ಕಾಂಟ್ಯಾಕ್ಟ್‌ಲೆಸ್ ಇವನ್ನೆಲ್ಲ ನಾವೇ ಆನ್ ಮಾಡಿಕೊಳ್ಳಬೇಕು. ಬಹಳ ಜನ ಬ್ಯಾಂಕಿನ ಆ್ಯಪಿನಲ್ಲಿ ‘ಇಂಟರ್‌ನ್ಯಾಷನಲ್’ ಗುಂಡಿ ಒತ್ತಿ ಮುಗೀತು ಅಂದ್ಕೊಳ್ತಾರೆ. ಅದರ ಕೆಳಗೆ ಅಂಗಡಿ ಮಷೀನು, ಎಟಿಎಂ, ಆನ್‌ಲೈನ್, ಕಾಂಟ್ಯಾಕ್ಟ್‌ಲೆಸ್ ಅಂತ ಬೇರೆ ಬೇರೆ ಗುಂಡಿ ಇರುತ್ತೆ, ಒಂದೊಂದಕ್ಕೂ ಮಿತಿ ಬೇರೆ. ಗುಂಡಿ ಆನ್ ಇದ್ದು ಮಿತಿ ಸೊನ್ನೆ ಇದ್ರೆ ಆಫ್ ಇದ್ದ ಹಾಗೇ. ಅಂಗಡಿ ಮಷೀನು, ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿ, ದಿನಕ್ಕೆ ಹತ್ತು ಸಾವಿರ ರೂಪಾಯಿಯಾದ್ರೂ ಮಿತಿ ಇಡಿ.

ಈ ತೊಂದರೆ ಮೊದಲ ಗೇಟಿನಲ್ಲಿ ಗೊತ್ತಾಗಲ್ಲ ಅನ್ನೋದೇ ದೊಡ್ಡ ತಲೆನೋವು. ಲಂಡನ್ನಿನ ಗೇಟು ಕಾರ್ಡಿನ ಚಿಪ್ ಅಸಲಿ ಹೌದೋ ಅಲ್ಲವೋ ಅಂತಷ್ಟೇ ನೋಡಿ ಅರೆಕ್ಷಣದಲ್ಲಿ ಬಾಗಿಲು ತೆಗೆಯುತ್ತೆ. ನಮ್ಮ ಬ್ಯಾಂಕಿನ ಒಪ್ಪಿಗೆ ಕೇಳೋದು ಆಮೇಲೆ, ಹಿಂದುಗಡೆಯಿಂದ. ಬ್ಯಾಂಕು ಆಗಲ್ಲ ಅಂದ್ರೆ ಆ ಕಾರ್ಡು ತಡೆಪಟ್ಟಿಗೆ ಹೋಗುತ್ತೆ. ಮುಂದೆ ಯಾವ ಗೇಟಿಗೆ ತಾಗಿಸಿದ್ರೂ ಕೆಂಪು ದೀಪ, ‘ಸಿಬ್ಬಂದಿಯನ್ನ ಕೇಳಿ’ ಅನ್ನೋ ಸೂಚನೆ. ಹೀಥ್ರೂನಲ್ಲಿ ಹಸಿರು ಬಂತಲ್ಲ, ಇನ್ನು ಚಿಂತೆ ಇಲ್ಲ ಅಂತ ನಂಬಿದವರು ನಡುದಾರಿಯಲ್ಲಿ ಸಿಕ್ಕಿಹಾಕಿಕೊಳ್ಳೋದು ಇದರಿಂದಲೇ. ತಾಗಿಸಿದ ತಕ್ಷಣ ಎಸ್ಸೆಮ್ಮೆಸ್ ಬರಲಿಲ್ಲ ಅಂತಲೂ ಗಾಬರಿ ಬೇಡ: ಇಡೀ ದಿನದ ಓಡಾಟವನ್ನ ಒಟ್ಟು ಮಾಡಿ ಆಮೇಲೆ ಒಂದೇ ಸಲ ದುಡ್ಡು ಎಳೀತಾರೆ. ವಿನಿಮಯ ಶುಲ್ಕ ಅಂತ ಬಹಳ ಕಾರ್ಡುಗಳಲ್ಲಿ ಶೇ. 3.5ರವರೆಗೂ, ಆ ಶುಲ್ಕದ ಮೇಲೆ ಜಿಎಸ್‌ಟಿಯೂ ಬೀಳುತ್ತೆ. ಆ ಲೆಕ್ಕ ಇಟ್ಕೊಂಡಿರಿ.

ತಲೆಗೊಂದು ಕಾರ್ಡು ಬೇಕು. ಗಂಡ ಹೆಂಡತಿ ಇಬ್ಬರೂ ಒಂದೇ ಕಾರ್ಡು ತಾಗಿಸೋಕಾಗಲ್ಲ. ಹೆಂಡತಿ ಹೆಸರಿನಲ್ಲಿ ಆ್ಯಡ್‌ಆನ್ ಕಾರ್ಡ್ ತಗೊಂಡ್ರೆ ಸಾಕು, ಅದು ಬೇರೆ ಕಾರ್ಡ್ ಅಂತಲೇ ಲೆಕ್ಕ. ಒಳಗೆ ಹೋಗುವಾಗ ಕಾರ್ಡು, ಹೊರಗೆ ಬರುವಾಗ ಅದೇ ಕಾರ್ಡಿಗೆ ಜೋಡಿಸಿದ ಫೋನು ಅಂತ ಬದಲಾಯಿಸಿದ್ರೆ ಯಂತ್ರಕ್ಕೆ ಅವೆರಡೂ ಬೇರೆ ಬೇರೆ. ಎರಡಕ್ಕೂ ಗರಿಷ್ಠ ದರ ಹಾಕುತ್ತೆ. ಪರ್ಸನ್ನ ಇಡಿಯಾಗಿ ಒತ್ತಬೇಡಿ, ಒಳಗಿನ ಯಾವ ಕಾರ್ಡು ತಾಗುತ್ತೋ ಹೇಳೋಕಾಗಲ್ಲ. ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್ ನಡೆಯುತ್ತೆ. ರುಪೇ ಒಂದನ್ನೇ ನಂಬಿಕೊಂಡು ಹೊರಡಬೇಡಿ. ಯುಪಿಐ ಆ ಗೇಟಿಗೆ ಆಗಲ್ಲ.

ಹೊರಡೋ ಮೊದಲು ಇಲ್ಲೇ ಎಂ.ಜಿ. ರಸ್ತೆಯ ಯಾವುದಾದ್ರೂ ಅಂಗಡೀಲಿ ಒಂದು ಸಲ ಪಿನ್ ಹಾಕಿ, ಇನ್ನೊಂದು ಸಲ ತಾಗಿಸಿ ನೋಡಿ. ಹೊಸ ಕಾರ್ಡು ಕೆಲವು ಸಲ ಮೊದಲ ಪಿನ್ ವ್ಯವಹಾರ ಆಗೋವರೆಗೂ ತಾಗಿಸಿದ್ರೆ ಕೆಲಸ ಮಾಡಲ್ಲ. ಆದ್ರೂ ಅಲ್ಲಿ ಕಾರ್ಡು ಕೈ ಕೊಟ್ರೆ ಸ್ಟೇಷನ್ ಮಷೀನಿನಲ್ಲಿ ಆಯ್‌ಸ್ಟರ್ ಕಾರ್ಡ್ (ಮೊದಲೇ ದುಡ್ಡು ತುಂಬಿ ಗೇಟಿಗೆ ತಾಗಿಸೋ ಲಂಡನ್ ಪ್ರಯಾಣದ ಕಾರ್ಡು) ಸಿಗುತ್ತೆ. ಪ್ರಯಾಣದರ ಬ್ಯಾಂಕ್ ಕಾರ್ಡಿನಷ್ಟೇ. ಕಾರ್ಡಿನ ಬೆಲೆ ಮಾತ್ರ 2025ರಲ್ಲಿ 7ರಿಂದ 10 ಪೌಂಡಿಗೆ ಏರಿದೆ, ವಾಪಸ್ ಬರಲ್ಲ.

ಇನ್ನು ಹೀಥ್ರೂ ಎಕ್ಸ್‌ಪ್ರೆಸ್. ಪ್ಯಾಡಿಂಗ್ಟನ್‌ಗೆ 15 ನಿಮಿಷ, ಅಲ್ಲೇ ಕೊಂಡ್ರೆ 25 ಪೌಂಡ್ ಆಸುಪಾಸು, ಬಹಳ ಮುಂಚೆ ಕೊಂಡ್ರೆ 10 ಪೌಂಡ್‌ಗೂ ಸಿಗುತ್ತೆ. 15 ವರ್ಷದವರೆಗಿನ ಮಕ್ಕಳಿಗೆ ಉಚಿತ. ಪ್ಯಾಡಿಂಗ್ಟನ್ ಪಕ್ಕದ ಹೋಟೆಲಿನಲ್ಲಿ ಉಳಿಯೋ ಸಂಸಾರಕ್ಕೆ ಸರಿ. ಉಳಿದವರಿಗೆ ಮೆಜೆಸ್ಟಿಕ್‌ಗೆ ಬೇಗ ಬಂದು ಅಲ್ಲಿಂದ ಜಯನಗರಕ್ಕೆ ಆಟೋ ಹುಡುಕಿದ ಹಾಗೆ. ಒಂದು ಎಚ್ಚರ: ವಿಮಾನ ನಿಲ್ದಾಣದಲ್ಲಿ ಎಕ್ಸ್‌ಪ್ರೆಸ್ಸೂ ಎಲಿಜಬೆತ್ತೂ ಅದೇ ಪ್ಲಾಟ್‌ಫಾರ್ಮಿಗೆ ಬರುತ್ತವೆ. ಬಂದ ರೈಲಿಗೆ ಹತ್ತಿ ಪ್ಯಾಡಿಂಗ್ಟನ್‌ನ 6 ಅಥವಾ 7ನೇ ಪ್ಲಾಟ್‌ಫಾರ್ಮಿನ ಗೇಟಿನಲ್ಲಿ ಹೊರಬಿದ್ರೆ ಕಾರ್ಡಿನಿಂದ ಎಕ್ಸ್‌ಪ್ರೆಸ್ ದರವೇ ಹೋಗುತ್ತೆ. ಹತ್ತೋ ಮೊದಲು ತಲೆ ಎತ್ತಿ ಬೋರ್ಡು ನೋಡಿ, ನಡುವೆ ಹಲವು ಸ್ಟೇಷನ್ ಹೆಸರಿದ್ರೆ ಅದು ಎಲಿಜಬೆತ್.

ಪಿಕ್ಕಡಿಲಿ ಲೈನ್ ಎಲ್ಲಕ್ಕಿಂತ ಅಗ್ಗದ ರೈಲು. 2025ರಲ್ಲಿ ನಗರಮಧ್ಯಕ್ಕೆ 5.80 ಪೌಂಡ್. ಆದ್ರೆ ರೈಲು 1973ರ ಕಾಲದ ವಿನ್ಯಾಸದ್ದು, ಏಸಿ ಇಲ್ಲ, ಬಾಗಿಲು ಕಿರಿದು. ಬೆಳಗ್ಗೆ ಆಫೀಸಿನ ಹೊತ್ತಿನಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಇಟ್ಕೊಂಡು ನಿಲ್ಲೋದು ಅಕ್ಕಪಕ್ಕದವರಿಗೂ ಹಿಂಸೆ. ಲೆಸ್ಟರ್ ಸ್ಕ್ವೇರ್, ಪಿಕ್ಕಡಿಲಿ ಸರ್ಕಸ್‌ನಲ್ಲಿ ಇಳಿದ್ರೆ ಮೆಟ್ಟಿಲು ತಪ್ಪಲ್ಲ. ಗ್ರೀನ್ ಪಾರ್ಕ್, ಕಿಂಗ್ಸ್ ಕ್ರಾಸ್‌ನಲ್ಲಿ ಲಿಫ್ಟ್ ಇದೆ. ಮನೆ ಹೌನ್ಸ್‌ಲೋದಲ್ಲಿದ್ರೆ ಮಾತ್ರ ಕಣ್ಣುಮುಚ್ಚಿ ಇದನ್ನೇ ಹತ್ತಿ, ಕೆಲವೇ ಸ್ಟೇಷನ್. ಅದೇ ಸೌತಾಲ್ ಕಡೆಯಾದ್ರೆ ಎಲಿಜಬೆತ್ ದಾರೀಲೇ ಸಿಗುತ್ತೆ. ಈಸ್ಟ್ ಹ್ಯಾಮ್‌ಗೆ ಹೋಗೋರು ಎಲಿಜಬೆತ್‌ನಲ್ಲಿ ವೈಟ್‌ಚಾಪೆಲ್‌ಗೆ ಹೋಗಿ ಡಿಸ್ಟ್ರಿಕ್ಟ್ ಲೈನ್ ಹಿಡೀಬೇಕು.

ಲಂಡನ್ ಬಿಟ್ಟು ಆಚೆ ಹೋಗೋರ ಲೆಕ್ಕ ಬೇರೆ. ಕವೆಂಟ್ರಿ, ಬರ್ಮಿಂಗ್‌ಹ್ಯಾಮ್, ಲೆಸ್ಟರ್‌ಗೆ ಓದೋಕೆ ಹೋಗೋರು ಊರೊಳಗೆ ಹೋಗಿ ಇನ್ನೊಂದು ರೈಲು ಹಿಡಿಯೋ ಬದಲು ನ್ಯಾಷನಲ್ ಎಕ್ಸ್‌ಪ್ರೆಸ್ ಬಸ್ಸು ಹಿಡಿಯೋದೇ ಸರಿ. ಬಸ್ ನಿಲ್ದಾಣ ಟರ್ಮಿನಲ್ 2 ಮತ್ತು 3ರ ನಡುವೆ. 5ರಲ್ಲಿ ಇಳಿದವರಿಗೆ ಅಲ್ಲೇ ನಿಲುಗಡೆ ಇದೆ, ಇಲ್ಲಾಂದ್ರೆ ಟರ್ಮಿನಲ್ಲುಗಳ ನಡುವಿನ ರೈಲು ಉಚಿತ. ಇಲ್ಲಿ ಎರಡು ಕೊಕ್ಕೆ. ವಿಮಾನದಲ್ಲಿ ಸೂಟ್‌ಕೇಸಿಗೆ 23 ಕೆಜಿ ಬಿಡ್ತಾರೆ, ಬಸ್ಸಿನವರ ಮಿತಿ 20 ಕೆಜಿ. ಇದನ್ನ ಮನೇಲೇ ತೂಗಿ ನೋಡಿಕೊಳ್ಳಬೇಕು. ಇನ್ನೊಂದು, ಅಗ್ಗದ ಟಿಕೆಟ್ಟು ಅದೇ ಹೊತ್ತಿನ ಬಸ್ಸಿಗೆ ಮಾತ್ರ. ಭಾರತದ ಪಾಸ್‌ಪೋರ್ಟಿಗೆ ಅಲ್ಲಿನ ಇ-ಗೇಟು ತೆಗೆಯಲ್ಲ, ಅಧಿಕಾರಿ ಮುಂದಿನ ಸಾಲಿನಲ್ಲೇ ನಿಲ್ಲಬೇಕು. ವಿಮಾನ ಇಳಿಯೋ ಹೊತ್ತಿಗೂ ಬಸ್ಸಿಗೂ ಎರಡೂವರೆ ಗಂಟೆಯಾದ್ರೂ ಅಂತರ ಬಿಡಿ. ಸ್ವಲ್ಪ ಹೆಚ್ಚು ಕೊಟ್ಟು ಬದಲಾಯಿಸಬಹುದಾದ ಟಿಕೆಟ್ ತಗೊಂಡ್ರೆ ಇನ್ನೂ ನಿಶ್ಚಿಂತೆ. ರೆಡಿಂಗ್‌ಗೆ ಹೋಗೋರಿಗೆ ರೇಲ್‌ಏರ್ ಅನ್ನೋ ಬೇರೆ ಬಸ್ಸೇ ಇದೆ.

ಕಾರು ಅಂದ್ರೆ ಮೂರು ಬಗೆ. ಕರಿ ಟ್ಯಾಕ್ಸಿ ಟರ್ಮಿನಲ್ ಹೊರಗೇ ಸಾಲಾಗಿ ನಿಂತಿರುತ್ತೆ, ಮೀಟರು, ಐದು ಜನ ಕೂರಬಹುದು. ಟ್ರಾಫಿಕ್ಕಿದ್ರೆ ನಗರಮಧ್ಯಕ್ಕೆ ನೂರು ಪೌಂಡ್ ದಾಟಿದ್ರೂ ಆಶ್ಚರ್ಯ ಇಲ್ಲ. ಊಬರ್ ನಮ್ಮ ಆ್ಯಪಿನಲ್ಲೇ ನಡೆಯುತ್ತೆ, ಆದ್ರೆ ಗಾಡಿ ಬರೋದು ಬಾಗಿಲಿಗಲ್ಲ, ಶಾರ್ಟ್ ಸ್ಟೇ ಪಾರ್ಕಿಂಗ್‌ಗೆ. ಅದರ ಶುಲ್ಕ ಬಿಲ್ಲಿಗೇ ಸೇರುತ್ತೆ. ನಾಲ್ಕು ಜನ, ನಾಲ್ಕು ಸೂಟ್‌ಕೇಸ್ ಸಾಮಾನ್ಯ ಊಬರ್‌ಗೆ ಹಿಡಿಯಲ್ಲ, ಎಕ್ಸ್‌ಎಲ್ ನೋಡಿ. ಮೊದಲೇ ಬುಕ್ ಮಾಡಿದ ಮಿನಿಕ್ಯಾಬ್ ಆದ್ರೆ ಡ್ರೈವರು ಹೆಸರಿನ ಬೋರ್ಡು ಹಿಡಿದು ಒಳಗೇ ಕಾಯ್ತಾನೆ. ಮೊದಲ ಸಲ ವಿಮಾನ ಹತ್ತೋ ವಯಸ್ಸಾದವರಿಗೆ ಈ ಖರ್ಚು ಸಾರ್ಥಕ. ಬಾಗಿಲ ಹತ್ರ ಬಂದು ‘ಟ್ಯಾಕ್ಸಿ ಬೇಕಾ’ ಅಂತ ಕೇಳೋರ ಹಿಂದೆ ಮಾತ್ರ ಹೋಗಲೇಬೇಡಿ, ಬುಕ್ಕಿಂಗ್ ಇಲ್ಲದೆ ಹಾಗೆ ಕರೆಯೋದು ಅಲ್ಲಿ ಕಾನೂನುಬಾಹಿರ.

ನನ್ನದು ಒಂದು ದೊಡ್ಡ ಸೂಟ್‌ಕೇಸ್, ಒಂದು ಬೆನ್ನುಚೀಲದ ಪ್ರಯಾಣ, ಟ್ಯಾಕ್ಸಿಗೆ ಹತ್ತು ಸಾವಿರ ಸುರಿಯೋ ಮನಸ್ಸಿಲ್ಲ. ಎಂಟು ಪೌಂಡ್ ಉಳಿಸೋಕೆ ಪಿಕ್ಕಡಿಲಿಯಲ್ಲಿ ಒಂದು ಗಂಟೆ ಒದ್ದಾಡೋ ತಾಳ್ಮೆಯೂ ಇಲ್ಲ. ಅದಕ್ಕೇ ಎಲಿಜಬೆತ್. ವಿದ್ಯಾರ್ಥಿಯಾಗಿದ್ದು ಕೈಯಲ್ಲಿ ದುಡ್ಡಿಗಿಂತ ಸಮಯ ಹೆಚ್ಚಿದ್ದಿದ್ರೆ ಪಿಕ್ಕಡಿಲಿಯನ್ನೇ ಹತ್ತುತ್ತಿದ್ದೆ. ನಾಲ್ಕು ಜನರ ಸಂಸಾರವಾದ್ರೆ ತಲೆಗೆ 13.90ರ ಹಾಗೆ 55 ಪೌಂಡ್ ದಾಟುತ್ತೆ, ಆಗ ಮಿನಿಕ್ಯಾಬಿನ ದರವನ್ನೂ ಒಂದು ಸಲ ಕೇಳಿ ನೋಡೋದು ಒಳ್ಳೇದು. ಹನ್ನೊಂದು ವರ್ಷದೊಳಗಿನ ಮಕ್ಕಳು ದೊಡ್ಡವರ ಜೊತೆ ಪುಕ್ಕಟೆ ಅನ್ನೋದನ್ನ ಆ ಲೆಕ್ಕದಲ್ಲಿ ಕಳೆಯಿರಿ.

ಇಳಿಯೋದು ತಡವಾಗಿ ಮಧ್ಯರಾತ್ರಿ ದಾಟಿ ಹೊರಬಿದ್ರೆ ಎಲಿಜಬೆತ್ ಸಿಗಲ್ಲ. ಶುಕ್ರವಾರ, ಶನಿವಾರ ರಾತ್ರಿ ಪಿಕ್ಕಡಿಲಿ ಬೆಳಗಿನವರೆಗೂ ಓಡುತ್ತೆ, ಟರ್ಮಿನಲ್ 4 ಬಿಟ್ಟು. ಉಳಿದ ದಿನ ಎನ್9 ನಂಬರಿನ ರಾತ್ರಿ ಬಸ್ಸು ಹ್ಯಾಮರ್‌ಸ್ಮಿತ್ ಮೇಲೆ ಆಲ್ಡ್‌ವಿಚ್‌ಗೆ ಹೋಗುತ್ತೆ, 2025ರ ದರ 1.75 ಪೌಂಡ್. ಲಂಡನ್ ಬಸ್ಸಿನಲ್ಲಿ 2014ರಿಂದ ನಗದು ತಗೊಳ್ಳಲ್ಲ, ಅಲ್ಲೂ ಅದೇ ಕಾರ್ಡು. ಆದ್ರೆ ಹತ್ತುವಾಗ ಮಾತ್ರ ತಾಗಿಸಿ, ಇಳಿಯುವಾಗ ಬೇಡ.